ಪರದೇಶದ ಮಣ್ಣಿನಲ್ಲಿ ಬಾಂಬರ್ ಯೋಧರು

ಜರ್ಮನಿಯ ಪಶ್ಚಿಮ ಗಡಿಯ ಕ್ಲೇವ ಪಟ್ಟಣದ ಬಳಿ, ರೈಕ್ಸ್‌ವಾಲ್ಡ್ ಕಾಡಿನ ನಡುವೆ ಕಾಮನ್‌ವೆಲ್ತ್ ಸೈನಿಕರ ದೊಡ್ಡ ಸಮಾಧಿ ಭೂಮಿಯಿದೆ. ಅಲ್ಲಿನ 7,500ಕ್ಕೂ ಹೆಚ್ಚು ಸಮಾಧಿಗಳಲ್ಲಿ ಸುಮಾರು 4,000 ವಾಯುಪಡೆಯವರವು. ಯಾವ ದೇಶದ ಮೇಲೆ ಬಾಂಬು ಸುರಿಯಲು ಬಂದರೋ ಆ ದೇಶದ ಮಣ್ಣಿನಲ್ಲೇ ಅವರು ಮಲಗಿದ್ದಾರೆ. ಅವರನ್ನು ಹೇಗೆ ನೆನೆಯಬೇಕು ಎಂಬ ಪ್ರಶ್ನೆ ಎಂಟು ದಶಕ ಕಳೆದರೂ ಇತ್ಯರ್ಥವಾಗಿಲ್ಲ.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ ಸುಮಾರು 1,25,000 ಮಂದಿ ಹಾರಾಟದ ಸಿಬ್ಬಂದಿಯಿದ್ದರು. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಪೋಲೆಂಡಿನವರೂ ಸೇರಿ ಎಲ್ಲರೂ ಸ್ವಇಚ್ಛೆಯಿಂದ ಬಂದವರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಅವರಲ್ಲಿ 55,000ಕ್ಕೂ ಹೆಚ್ಚು ಮಂದಿ ಸತ್ತರು. ಒಂದು ಲ್ಯಾಂಕಾಸ್ಟರ್ ವಿಮಾನ ಬಿದ್ದರೆ ಸಾಮಾನ್ಯವಾಗಿ ಏಳು ಮನೆಗಳಿಗೆ ತಂತಿ ಹೋಗುತ್ತಿತ್ತು. 1944ರ ಮಾರ್ಚ್ ಕೊನೆಯಲ್ಲಿ ನ್ಯೂರೆಂಬರ್ಗ್ ಮೇಲೆ ದಾಳಿ ನಡೆದ ಒಂದೇ ರಾತ್ರಿ 95 ವಿಮಾನಗಳು ಹಿಂತಿರುಗಲಿಲ್ಲ.

ಹುಡುಕಿದವರು, ಹೂತವರು

ತಂತಿಯಲ್ಲಿ ಇರುತ್ತಿದ್ದುದು ‘ಕಾಣೆಯಾಗಿದ್ದಾರೆ’ ಎಂಬ ಸುದ್ದಿ. ತಿಂಗಳುಗಳು ಕಳೆದ ಮೇಲೆ, ಸತ್ತಿರಬೇಕೆಂದು ಭಾವಿಸಲಾಗಿದೆ ಎಂಬ ಪತ್ರ. ಯುದ್ಧ ಮುಗಿದಾಗ ಹೀಗೆ ಕಾಣೆಯಾದ ವಿಮಾನಯೋಧರ ಲೆಕ್ಕ 40,000 ದಾಟಿತ್ತು. ಅವರ ಜಾಡು ಹಿಡಿಯಲೆಂದೇ ನೇಮಕಗೊಂಡ ತಂಡಗಳು ಯುರೋಪಿನ ಹಳ್ಳಿ ಹಳ್ಳಿ ತಿರುಗಿದವು. ಊರಿನ ಪಾದ್ರಿಯ ದಾಖಲೆ, ಜರ್ಮನ್ ಕಡತ, ಎಂಜಿನ್ನಿನ ಸಂಖ್ಯೆ, ಕೊನೆಗೆ ಅಂಗಿಯ ಕಾಲರಿನ ಮೇಲಿನ ಅಗಸನ ಗುರುತು ಕೂಡ ಅವರಿಗೆ ಸಾಕ್ಷ್ಯವಾಯಿತು. ಅರ್ಧಕ್ಕಿಂತ ಹೆಚ್ಚು ಜನರ ನೆಲೆ ಸಿಕ್ಕಿತು. ಯುದ್ಧದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಈ ಶ್ರಮವನ್ನು ಗೌರವದಿಂದ ನೋಡಬೇಕು. ಸಮಾಧಿಯೇ ಸಿಗದ 20,000ಕ್ಕೂ ಹೆಚ್ಚು ವಾಯುಪಡೆಯವರ ಹೆಸರುಗಳನ್ನು ಲಂಡನ್ ಬಳಿಯ ರನ್ನಿಮೀಡ್ ಸ್ಮಾರಕದ ಗೋಡೆಗಳಲ್ಲಿ ಕೆತ್ತಲಾಗಿದೆ.

ಸಿಕ್ಕ ದೇಹಗಳೂ ತಾಯ್ನಾಡಿಗೆ ಮರಳಲಿಲ್ಲ. ಹಣವಿದ್ದವರ ಮಗನಷ್ಟೇ ಮನೆಗೆ ಬರುವಂತಾಗಬಾರದು, ಸಾವಿನಲ್ಲಿ ಮೇಲು ಕೀಳು ಇರಬಾರದು ಎಂದು ಮೊದಲ ಮಹಾಯುದ್ಧದ ಕಾಲದಲ್ಲೇ ನಿಯಮವಾಗಿತ್ತು. ಅಧಿಕಾರಿಗೂ ಸಾಮಾನ್ಯ ಗನ್ನರ್‌ಗೂ ಒಂದೇ ಅಳತೆಯ ಕಲ್ಲು. ಮನೆಯವರ ಮಾತಿಗೆ ಅದರ ಬುಡದಲ್ಲಿ ಕೆಲವೇ ಅಕ್ಷರಗಳ ಜಾಗ. ಒಬ್ಬರಿಂದ ಒಬ್ಬರನ್ನು ಬೇರ್ಪಡಿಸಲಾಗದಂತೆ ಸುಟ್ಟುಹೋದ ಸಹಯೋಧರಿಗೆ ಕಲ್ಲುಗಳನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸಿದರು. ನಿಯಮ ನ್ಯಾಯವಾದದ್ದೇ. ಆದರೆ ಹಡಗಿನ ಖರ್ಚು ಹೊಂದಿಸಲಾಗದ ತಾಯಿ ಮಗನ ಗೋರಿಯನ್ನು ಕಣ್ಣಾರೆ ಕಾಣದೆ ತೀರಿಕೊಂಡದ್ದೂ ಅದೇ ನಿಯಮದ ಫಲ.

ಜರ್ಮನಿಯಲ್ಲಿ ಚದುರಿದ್ದ ಸಮಾಧಿಗಳನ್ನು ತೆಗೆದು ದೊಡ್ಡ ಸಮಾಧಿ ಭೂಮಿಗಳಿಗೆ ಸಾಗಿಸಲಾಯಿತು. ನೆದರ್ಲೆಂಡ್ಸ್, ಡೆನ್ಮಾರ್ಕ್, ಫ್ರಾನ್ಸ್‌ಗಳಲ್ಲಿ ಎಷ್ಟೋ ಸಮಾಧಿಗಳು ಹಳ್ಳಿಯ ಚರ್ಚಿನ ಅಂಗಳದಲ್ಲೇ ಉಳಿದವು. ತಮ್ಮ ಬಿಡುಗಡೆಗಾಗಿ ಸತ್ತವರೆಂದು ಅಲ್ಲಿನವರು ಇಂದಿಗೂ ಹೂವಿಡುತ್ತಾರೆ.

ಬಾಂಬಿನ ಕೆಳಗಿದ್ದವರು

1943ರ ಜುಲೈನಲ್ಲಿ ಹ್ಯಾಂಬರ್ಗ್ ನಗರ ಬೆಂಕಿಯ ಬಿರುಗಾಳಿಗೆ ಸಿಕ್ಕಿ 30,000ಕ್ಕೂ ಹೆಚ್ಚು ಜನ ಸತ್ತರು. 1945ರ ಫೆಬ್ರುವರಿಯಲ್ಲಿ ಡ್ರೆಸ್ಡೆನ್‌ನಲ್ಲಿ ಸುಮಾರು 25,000. ಮಕ್ಕಳು, ಮುದುಕರು, ಹೆಂಗಸರು ಇದ್ದ ವಸತಿಗಳನ್ನೇ ಗುರಿ ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಯುದ್ಧದ ನಡುವೆಯೇ ಬ್ರಿಟನ್ನಿನ ಸಂಸತ್ತಿನಲ್ಲಿ ಎದ್ದಿತ್ತು. ನಾಜಿ ಆಡಳಿತದ ಯುದ್ಧೋದ್ಯಮವನ್ನು ಮುರಿಯಲು ಬೇರೆ ದಾರಿ ಇರಲಿಲ್ಲ ಎಂಬುದು ಸಮರ್ಥಕರ ವಾದ. ಈ ಮುಜುಗರ ಸತ್ತ ಯೋಧರ ಸ್ಮರಣೆಗೂ ಅಂಟಿತು. ಲಂಡನ್ನಿನಲ್ಲಿ ಅವರ ಸ್ಮಾರಕ ಎದ್ದದ್ದು 2012ರಲ್ಲಿ. ಪದಕದ ಪಟ್ಟಿಗೆ ಹಚ್ಚುವ ವಿಶೇಷ ಲಾಂಛನ ದೊರೆತದ್ದು 2013ರಲ್ಲಿ. ಅಷ್ಟರಲ್ಲಿ ಬದುಕುಳಿದವರಲ್ಲೂ ಬಹುಮಂದಿ ಗತಿಸಿದ್ದರು.

ಗುರಿಯನ್ನು ಆರಿಸಿದವರು ಇಪ್ಪತ್ತೊಂದರ ಹುಡುಗರಲ್ಲ. ನೀತಿಯ ಹೊಣೆಯನ್ನು ಅವರ ಗೋರಿಯ ಮೇಲೆ ಹೊರಿಸುವುದು ಅನ್ಯಾಯ. ಹಾಗೆಂದು, ಕೆಳಗೆ ಸುಟ್ಟವರನ್ನು ಮರೆಮಾಡಿ ಮೇಲಿದ್ದವರನ್ನು ಮಾತ್ರ ನೆನೆಯುವುದೂ ಪ್ರಾಮಾಣಿಕವಲ್ಲ. ಲಂಡನ್ನಿನ ಸ್ಮಾರಕವು ಬಾಂಬ್ ದಾಳಿಗಳಲ್ಲಿ ಮಡಿದ ಎಲ್ಲ ದೇಶಗಳವರನ್ನೂ ಸ್ಮರಿಸುತ್ತದೆ. ತಡವಾಗಿಯಾದರೂ ಅದು ಸರಿಯಾದ ಹೆಜ್ಜೆ.

ಹುಡುಕಾಟ ಇನ್ನೂ ಮುಗಿದಿಲ್ಲ. ದೇಹಗಳು ಉಳಿದಿರಬಹುದಾದ ವಿಮಾನಗಳ ಅವಶೇಷಗಳನ್ನು ಎತ್ತಲು ನೆದರ್ಲೆಂಡ್ಸ್ ಸರ್ಕಾರ ಯೋಜನೆ ಹಾಕಿಕೊಂಡಿದೆ. 1943ರ ಮಾರ್ಚ್‌ನಲ್ಲಿ ಏಳು ಮಂದಿಯೊಡನೆ ಕಾಣೆಯಾದ ಸ್ಟರ್ಲಿಂಗ್ ಬಾಂಬರ್‌ನ ಅವಶೇಷವನ್ನು 2020ರಲ್ಲಿ ಮಾರ್ಕರ್‌ಮೇರ್ ಸರೋವರದ ತಳದಿಂದ ಹೊರತೆಗೆದರು. ಇಂಥ ಕೆಲಸಕ್ಕೆ ಖರ್ಚು ದೊಡ್ಡದು, ಕಾದಿದ್ದ ಹೆಂಡಿರು ತಾಯಂದಿರು ಈಗಿಲ್ಲ. ಆದರೂ ಕಾಣೆಯಾದವರ ತಂಗಿಯ ಮಕ್ಕಳು, ಮೊಮ್ಮಕ್ಕಳು ಉತ್ತರ ಕೇಳುತ್ತಿದ್ದಾರೆ. ಆ ಖರ್ಚಿಗೆ ಅಷ್ಟು ಕಾರಣ ಸಾಕು.