ಕಾಗದದ ಮೇಲಿನ ರೋಗಿ

ಡಾಕ್ಟರಾಗುವ ಹುಡುಗರ ಪರೀಕ್ಷೆ ಹೇಗೆ ನಡೆಯುತ್ತದೆಂಬುದು ಗೌಂಡಿಗೂ ಗುಮಾಸ್ತನಿಗೂ ಏಕೆ ಬೇಕು? ಈ ಪ್ರಶ್ನೆಯನ್ನು ವಾಚಕರು ಕೇಳಿದರೆ ತಪ್ಪಿಲ್ಲ. ಆದರೆ ಆ ಪರೀಕ್ಷೆಗಾಗಿ ಅವರು ಯಾವ ಪ್ರಶ್ನೆಗಳನ್ನು ಕೇಳಲು ಕಲಿಯುತ್ತಾರೋ ಅವನ್ನೇ ನಾಳೆ ದವಾಖಾನೆಯಲ್ಲಿ ನಮ್ಮನ್ನು ಕೇಳುತ್ತಾರೆ. ಅಲ್ಲಿ ಕಲಿಯದೆ ಬಿಟ್ಟದ್ದು ಇಲ್ಲಿಯೂ ಬಿಟ್ಟುಹೋಗುತ್ತದೆ. ಆದುದರಿಂದ ಈ ಸಂಗತಿ ನಮಗೂ ಸೇರಿದ್ದೇ.

ರೋಗಿಯ ಮಾತಿಗೆ ಬೆಲೆಯೆಷ್ಟು? 1975ರಲ್ಲಿ ಬ್ರಿಟಿಷ್ ವೈದ್ಯರು ಕೆಲವರು ಇದನ್ನು ಎಣಿಸಿ ನೋಡಿದರು. ಹೊಸದಾಗಿ ಬಂದ 80 ಹೊರರೋಗಿಗಳಲ್ಲಿ 66 ಮಂದಿಯ ವಿಷಯದಲ್ಲಿ, ಅವರು ತಂದ ಪತ್ರವನ್ನೋದಿ ಅವರ ಮಾತನ್ನು ಕೇಳಿದ ಮೇಲೆ ಮಾಡಿದ ನಿರ್ಣಯವೇ ಕೊನೆಗೂ ನಿಂತಿತು. ಮೈ ಪರೀಕ್ಷಿಸಿದ ಮೇಲೆ ನಿರ್ಣಯ ಬದಲಾದದ್ದು 7 ಮಂದಿಯಲ್ಲಿ. ಪ್ರಯೋಗಾಲಯದ ಪರೀಕ್ಷೆಗಳಿಂದ ಬದಲಾದದ್ದು ಇನ್ನು 7 ಮಂದಿಯಲ್ಲಿ. ಹಾಗಾದರೆ ಕೇಳುವುದನ್ನು ಕಲಿಸುವುದು ವೈದ್ಯಶಿಕ್ಷಣದ ಮುಖ್ಯ ಕೆಲಸವೆಂದಾಯಿತು.

ಹಿಂದಿನಿಂದ ಬಂದ ಪದ್ಧತಿಯೆಂದರೆ ವಾರ್ಡಿನಲ್ಲಿ ಮಲಗಿರುವ ರೋಗಿಯ ಮುಂದೆ ವಿದ್ಯಾರ್ಥಿಯನ್ನು ನಿಲ್ಲಿಸುವುದು. ಇದು ಇಂದಿಗೂ ಉಂಟು, ಇರಲೂ ಬೇಕು. ಆದರೆ ಒಬ್ಬನಿಗೆ ಸುಲಭದ ರೋಗಿ ಸಿಕ್ಕರೆ ಇನ್ನೊಬ್ಬನಿಗೆ ಕಠಿಣವಾದವನು ಸಿಗುತ್ತಾನೆ. ನಿಜವಾಗಿ ನರಳುತ್ತಿರುವವನನ್ನು ಹತ್ತು ಮಂದಿ ಒಬ್ಬರಾದ ಮೇಲೊಬ್ಬರು ಪ್ರಶ್ನಿಸುವುದೂ ನ್ಯಾಯವಲ್ಲ. ಈ ತೊಡಕಿಗೆ ಉಪಾಯವಾಗಿ 1963ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಹೋವರ್ಡ್ ಬ್ಯಾರೋಸ್ ಎಂಬ ನರರೋಗತಜ್ಞರು, ಚಿತ್ರಕಾರರಿಗೆ ಮಾದರಿಯಾಗಿ ಕೂಡುತ್ತಿದ್ದ ಆರೋಗ್ಯವಂತ ಹೆಂಗಸೊಬ್ಬಳಿಗೆ ನರರೋಗಿಯ ಪಾತ್ರವನ್ನು ಕಲಿಸಿ ವಿದ್ಯಾರ್ಥಿಗಳ ಮುಂದೆ ಕೂಡಿಸಿದರು. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಅವರ ಜೊತೆಯವರು, ವಿದ್ಯಾರ್ಥಿಗಳೆಲ್ಲರೂ ಸಾಲಾಗಿ ಮೇಜಿನಿಂದ ಮೇಜಿಗೆ ಹೋಗಿ, ಒಂದೊಂದು ಕಡೆ ಕೆಲವೇ ನಿಮಿಷಗಳಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುವ ಪರೀಕ್ಷೆಯನ್ನು ಪ್ರಕಟಿಸಿದರು. ನಮ್ಮ ದೇಶದಲ್ಲಿ 2019ರಲ್ಲಿ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮವು ರೋಗಿಯೊಡನೆ ಮಾತನಾಡುವ ಬಗೆಯನ್ನೂ ನಡತೆಯನ್ನೂ ಪಾಠವಾಗಿಯೇ ಸೇರಿಸಿತು.

ಇದಕ್ಕೆಲ್ಲ ಬೇಕಾದದ್ದು ಕಾಗದದ ಮೇಲೆ ಬರೆದ ರೋಗಿ. ಅವನನ್ನು ಬರೆಯುವುದು ಹೇಗೆಂಬುದೇ ಪ್ರಶ್ನೆ.

ಒಂದು ಉದಾಹರಣೆ ನೋಡೋಣ. "34 ವರ್ಷದ ಗೌಂಡಿ. ಮೂರು ವಾರದಿಂದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿದಿದೆ. ರೋಗ ಯಾವುದು?" ವಿದ್ಯಾರ್ಥಿ ಕ್ಷಯ ಎಂದು ಬರೆಯುತ್ತಾನೆ, ಪೂರ್ತಿ ಅಂಕ ಬರುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇಲ್ಲಿ ರೋಗಿ ತನ್ನ ಪಾಡು ಹೇಳುತ್ತಿಲ್ಲ, ಪುಸ್ತಕವನ್ನು ಒಪ್ಪಿಸುತ್ತಿದ್ದಾನೆ. ವಿದ್ಯಾರ್ಥಿ ಒಂದು ಪ್ರಶ್ನೆಯನ್ನೂ ಕೇಳಬೇಕಾಗಲಿಲ್ಲ.

ಅದೇ ಮನುಷ್ಯನನ್ನು ಇನ್ನೊಂದು ರೀತಿಯಲ್ಲಿ ಬರೆಯಬಹುದು. ಅವನು ಲಿಂಗಸುಗೂರು ಕಡೆಯವನು, ಮಾದಾಪುರದಲ್ಲಿ ಕಟ್ಟಡದ ಕೆಲಸಕ್ಕೆ ಬಂದಿದ್ದಾನೆ. ಒಳಗೆ ಬಂದೊಡನೆ ಅವನು ಆಡುವ ಮಾತು ಇಷ್ಟೇ: "ಕೆಮ್ಮು ಬಿಡವಲ್ದರಿ ಸಾಹೇಬ್ರ. ಮೆಟ್ಲ ಹತ್ತಿದ್ರ ದಮ್ಮು ಹತ್ತತೈತಿ." ಉದ್ಯೋಗವೇನೆಂದು ಕೇಳಿದರೆ "ಗೌಂಡಿ ಕೆಲಸರಿ" ಎಂದು ಸುಮ್ಮನಾಗಬೇಕು. ಕೈಯಿಂದ ಮಾಡುವ ಕೆಲಸ ಯಾವುದು, ಎಷ್ಟು ವರ್ಷದಿಂದ ಎಂದು ಮತ್ತೆ ಕೇಳಿದರೆ ಮಾತ್ರ ಹೇಳಬೇಕು: ಹದಿನಾರನೆಯ ವಯಸ್ಸಿನಿಂದ 8 ವರ್ಷ ಊರ ಬಳಿಯ ಕಲ್ಲುಗಣಿ, ಇಲ್ಲಿಗೆ ಬಂದ ಮೇಲೆ 10 ವರ್ಷ ಗ್ರಾನೈಟು ಕೊಯ್ಯುವುದು, ಅದೂ ನೀರು ಬಿಡದೆ, ಬಾಯಿಗೊಂದು ಬಟ್ಟೆ ಕಟ್ಟಿಕೊಂಡು. ಹಿಂದೆ ಮಾತ್ರೆ ನುಂಗಿದ್ದೀಯಾ ಎಂದು ಕೇಳಿದರೆ, ಎರಡು ವರ್ಷದ ಕೆಳಗೆ ಎಕ್ಸ್‌ರೇ ನೋಡಿ ಕ್ಷಯದ ಮಾತ್ರೆ ಕೊಟ್ಟರು, ಎರಡು ತಿಂಗಳಾದರೂ ಗುಣ ಕಾಣದೆ ಬಿಟ್ಟೆ, ಕಫದ ಪರೀಕ್ಷೆ ಆಗಲೇ ಇಲ್ಲ ಎನ್ನಬೇಕು. ಮನಸ್ಸಿನಲ್ಲಿ ಅಂಜಿಕೆ ಏನಾದರೂ ಇದೆಯೇ ಎಂದು ಸಮಾಧಾನದಿಂದ ಕೇಳಿದವರಿಗೆ ಮಾತ್ರ ಉಳಿದ ಮಾತು: ಕ್ಷಯವೆಂದು ಗೊತ್ತಾದರೆ ಶೆಡ್ಡಿನಿಂದ ಹೊರಗೆ ಹಾಕುತ್ತಾರೆ, ಮೇಸ್ತ್ರಿಯ ಮುಂಗಡ ಇನ್ನೂ ತೀರಿಲ್ಲ.

ಈಗ ರೋಗನಿರ್ಣಯ ಅಷ್ಟು ಸುಲಭವಲ್ಲ. ಗ್ರಾನೈಟಿನಲ್ಲಿ ಸಿಲಿಕಾ ಎಂಬ ಪದಾರ್ಥವಿದೆ. ಒಣಗಲ್ಲು ಕೊಯ್ಯುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು, ವರ್ಷಗಳು ಕಳೆದಂತೆ ಅಲ್ಲಿ ಗಂಟುಗಳನ್ನೂ ಕಲೆಗಳನ್ನೂ ಮಾಡುತ್ತವೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಎಕ್ಸ್‌ರೇಯಲ್ಲಿ ಇದು ಕ್ಷಯದಂತೆ ಕಂಡು ಮೋಸಮಾಡುವುದುಂಟು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಎರಡೂ ಒಟ್ಟಿಗೆ ಇರಬಹುದು. ಕ್ಷಯ ಸರಿಯಾಗಿ ಮಾತ್ರೆ ತೆಗೆದುಕೊಂಡರೆ ವಾಸಿಯಾಗುವ ರೋಗ. ಸಿಲಿಕೋಸಿಸ್ಸಿನ ಕಲೆಯನ್ನು ಅಳಿಸುವ ಔಷಧವಿಲ್ಲ. ಧೂಳಿನಿಂದ ದೂರವಿರುವುದೇ ಮೊದಲ ಉಪಾಯ. ಉದ್ಯೋಗದ ಪ್ರಶ್ನೆಯನ್ನು ಬಿಟ್ಟ ವೈದ್ಯನು ಮಾತ್ರೆ ಬರೆದು ಆ ಮನುಷ್ಯನನ್ನು ಮತ್ತೆ ಅದೇ ಧೂಳಿಗೆ ಕಳುಹಿಸುತ್ತಾನೆ. ಎರಡನೆಯ ಬರಹದಲ್ಲಿ ಇರುವ ಪರೀಕ್ಷೆ ಇದೇ.

ಹೀಗೆ ಬರೆಯುವವರು ಕೆಲವು ನಿಯಮಗಳನ್ನು ಪಾಲಿಸಬೇಕಾಗುತ್ತದೆ. ವಿದ್ಯಾರ್ಥಿಯಲ್ಲಿ ಏನನ್ನು ಪರೀಕ್ಷಿಸಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ರೋಗಿ ತಾನಾಗಿ ಹೇಳುವುದು ಯಾವುದು, ಕೇಳಿದರೆ ಹೇಳುವುದು ಯಾವುದು, ನಂಬಿಕೆ ಹುಟ್ಟಿದರೆ ಮಾತ್ರ ಹೇಳುವುದು ಯಾವುದು ಎಂದು ಮೂರು ಪಾಲು ಮಾಡಬೇಕು. ಲೆಕ್ಕ ತಾಳೆಯಾಗಬೇಕು; 34ರ ವಯಸ್ಸಿನವನು 25 ವರ್ಷ ಕಲ್ಲು ಕೊಯ್ದನೆಂದು ಬರೆದರೆ ವಿದ್ಯಾರ್ಥಿಯ ಗಮನ ಅಡ್ಡದಾರಿ ಹಿಡಿಯುತ್ತದೆ. ಉದ್ಯೋಗ ಕೇಳಿದ್ದಕ್ಕೆ, ಹಿಂದಿನ ಔಷಧ ವಿಚಾರಿಸಿದ್ದಕ್ಕೆ, ತಿಳಿಯುವ ಮಾತಿನಲ್ಲಿ ವಿವರಿಸಿದ್ದಕ್ಕೆ ಎಷ್ಟೆಷ್ಟು ಅಂಕವೆಂಬುದು ಮುಂಚೆಯೇ ಬರೆದಿರಬೇಕು. ನಿಜವಾದ ರೋಗಿಯೊಬ್ಬನ ಗುರುತು ಹತ್ತುವಂತೆ ಎಂದಿಗೂ ಬರೆಯಬಾರದು.

ಭಾಷೆಯ ವಿಷಯ ಇನ್ನೊಂದು. ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. 1846ರಿಂದ ವೈದ್ಯಶಿಕ್ಷಣ ನಡೆದುಬಂದಿರುವ ಈ ನಗರದ ದವಾಖಾನೆಗಳಿಗೆ ಕನ್ನಡದ ರೋಗಿ ಹೊಸಬನಲ್ಲ. ಆದರೆ ವಿದ್ಯಾರ್ಥಿ ತೆಲುಗಿನಲ್ಲೋ ಹಿಂದಿಯಲ್ಲೋ ಕೇಳುತ್ತಾನೆ. ನಮ್ಮವನು ಬಂದಷ್ಟು ಹಿಂದಿಯಲ್ಲಿ ಉತ್ತರಿಸುತ್ತಾನೆ. ಎದೆಯುರಿಯೇ ಬೇರೆ, ಎದೆನೋವೇ ಬೇರೆ, ಎದೆ ಹಿಡಿದಂತಾಗುವುದೇ ಬೇರೆ. ಭಾಷಾಂತರದಲ್ಲಿ ಮೂರೂ ಒಂದಾಗಿಬಿಡುತ್ತವೆ. ಕಾಗದದ ರೋಗಿಯೂ ಒಮ್ಮೊಮ್ಮೆ ಕನ್ನಡವನ್ನೇ ಆಡಬೇಕು. ತಿಳಿದವನಂತೆ ತಲೆಯಾಡಿಸುವ ವಿದ್ಯಾರ್ಥಿ ಯಾರು, ಭಾಷೆ ಬಲ್ಲವರನ್ನು ಕರೆಸುವವನು ಯಾರು ಎಂಬುದು ಆಗ ಗೊತ್ತಾಗುತ್ತದೆ.

ಇಂಥ ಬರಹವನ್ನು ಇಬ್ಬರು ವೈದ್ಯರು ತಿದ್ದಿದರೆ ಸಾಲದು. ಕಲ್ಲು ಕೊಯ್ಯುವಾಗ ನೀರು ಏಕೆ ಬಿಡುವುದಿಲ್ಲ, ಧೂಳು ಎಲ್ಲಿ ಕೂಡುತ್ತದೆ, ರಜೆ ಹಾಕಿದರೆ ಕೂಲಿ ಏನಾಗುತ್ತದೆ ಎಂಬುದನ್ನು ಬಲ್ಲವನು ಗೌಂಡಿ. 1998ರಲ್ಲಿ ಸೈಬರ್ ಟವರ್ಸ್ ಎದ್ದ ಕಾಲದಿಂದ ಈ ಬಂಡೆಗಳ ನಾಡಿನಲ್ಲಿ ಕಟ್ಟಡಗಳು ಏಳುತ್ತಲೇ ಇವೆ. ಆ ಕೆಲಸದ ಅನುಭವ ನಮ್ಮವರಲ್ಲಿದೆ. ವೈದ್ಯಕಾಲೇಜಿನವರು ರೋಗಿಯ ಪಾತ್ರಕ್ಕಾಗಲಿ ಬರಹ ತಿದ್ದುವುದಕ್ಕಾಗಲಿ ಜನ ಬೇಕೆಂದು ಕೇಳಿದರೆ, ನಮಗೇನು ಗೊತ್ತು ಎಂದು ಹಿಂಜರಿಯಬಾರದು.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದೊಂದಿದೆ. ಎರಡು ವಾರಕ್ಕೆ ಮೀರಿ ಕೆಮ್ಮಿದ್ದರೆ ತಡಮಾಡದೆ ಹತ್ತಿರದ ಬಸ್ತಿ ದವಾಖಾನೆಗಾಗಲಿ ಸರ್ಕಾರಿ ಆಸ್ಪತ್ರೆಗಾಗಲಿ ಹೋಗಿರಿ. ಕ್ಷಯದ ಪರೀಕ್ಷೆ ಮತ್ತು ಔಷಧ ಸರ್ಕಾರದ ವತಿಯಿಂದ ಉಚಿತ. ಡಾಕ್ಟರು ಕೇಳದಿದ್ದರೂ ಮೂರು ಮಾತು ಹೇಳಿರಿ: ನಾನು ಕೈಯಿಂದ ಮಾಡುವ ಕೆಲಸ ಇಂಥದು, ಇಷ್ಟು ವರ್ಷದಿಂದ ಮಾಡುತ್ತಿದ್ದೇನೆ, ಹಿಂದೆ ಇಂಥ ಮಾತ್ರೆ ತೆಗೆದುಕೊಂಡಿದ್ದೇನೆ. ಓದು ಬಲ್ಲವರು ಬಾರದವರಿಗೆ ಇವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ದೊಡ್ಡ ಉಪಕಾರ. ಆ ಚೀಟಿಗೆ ಬೇಕಾದ ಕಾಗದವೂ ಪೆನ್ನೂ ವಾಚನಾಲಯದ ಮೇಜಿನ ಮೇಲೆಯೇ ಇವೆ.