ಈ ವಯಸ್ಸಲ್ಲಿ ಎಚ್‌ಐವಿನಾ? ಅಪ್ಪ-ಅಮ್ಮನ ಜೊತೆ ಇರೋರು ತಿಳ್ಕೋಬೇಕಾದ್ದು

ಐರೋಲಿ, ಪೊವಾಯಿ, ಠಾಣೆ, ಅಂಧೇರಿ ಕಡೆ ಐಟಿ ಕೆಲಸ ಮಾಡ್ತಾ, ಊರಿಂದ ಅಪ್ಪ-ಅಮ್ಮನ್ನ ಕರೆಸಿಕೊಂಡಿರೋರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಅವರ ಶುಗರ್, ಬಿಪಿ, ಮೊಣಕಾಲು ನೋವಿನ ಬಗ್ಗೆ ದಿನಾ ಮಾತಾಡ್ತೀವಿ. ಇವತ್ತಿನ ವಿಷಯ ಮಾತ್ರ ಮನೆಗಳಲ್ಲಿ ಯಾರೂ ಎತ್ತೋದಿಲ್ಲ: ಐವತ್ತು ದಾಟಿದವರಲ್ಲಿ ಎಚ್‌ಐವಿ.

ಈ ವಯಸ್ಸಲ್ಲಿ ಅದು ಎಲ್ಲಿಂದ ಬಂತು ಅಂತ ಕೇಳ್ತೀರಿ. ಎರಡು ದಾರಿ ಇದೆ.

ಮೊದಲನೇದು ಸಂತೋಷದ ಸಂಗತಿ. ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ. ಸರ್ಕಾರ ಎಆರ್‌ಟಿ ಮಾತ್ರೆಗಳನ್ನ ಉಚಿತವಾಗಿ ಕೊಡೋಕೆ ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಆಗ ತೆರೆದ ಮೊದಲ ಕೆಲವು ಕೇಂದ್ರಗಳಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯೂ ಒಂದು. ಅವತ್ತು ನಲವತ್ತೈದನೇ ವಯಸ್ಸಲ್ಲಿ ಮಾತ್ರೆ ಶುರು ಮಾಡಿ ಬಿಡದೆ ತಗೊಂಡವರು ಈಗ ಅರವತ್ತೈದು ದಾಟಿ ಮೊಮ್ಮಕ್ಕಳನ್ನ ಆಡಿಸ್ತಿದ್ದಾರೆ. ಅಂದರೆ ಚಿಕಿತ್ಸೆ ಕೆಲಸ ಮಾಡಿದೆ.

ಎರಡನೇದು, ತಡವಾಗಿ ಗೊತ್ತಾಗೋದು. ತೂಕ ಇಳಿಯೋದು, ಸುಸ್ತು, ಮರೆವು, ಪದೇ ಪದೇ ಜ್ವರ ಬರೋದು, ಇದನ್ನೆಲ್ಲ ನಾವು "ವಯಸ್ಸಾಯ್ತಲ್ಲ" ಅಂದುಬಿಡ್ತೀವಿ. ಎಷ್ಟೋ ಸಲ ಡಾಕ್ಟರ್‌ಗೂ ಎಚ್‌ಐವಿ ಪರೀಕ್ಷೆ ಬರೆಯೋದು ಹೊಳೆಯೋದಿಲ್ಲ. ಹಿರಿಯರ ದಾಂಪತ್ಯದ ಬಗ್ಗೆ ಕೇಳೋಕೆ ಅವರಿಗೂ ಸಂಕೋಚ. ಮುಟ್ಟು ನಿಂತ ಮೇಲೆ ಗರ್ಭದ ಭಯ ಇಲ್ಲ, ಹಾಗಾಗಿ ಕಾಂಡೋಮ್ ಯಾಕೆ ಅನ್ನೋ ಲೆಕ್ಕ ಬೇರೆ. ಅಷ್ಟರಲ್ಲಿ ರೋಗನಿರೋಧಕ ಶಕ್ತಿ ಕುಸಿದು, ಟಿಬಿ ಬಂದು ಆಸ್ಪತ್ರೆ ಸೇರಿದ ಮೇಲೆ ವಿಷಯ ಹೊರಗೆ ಬರುತ್ತೆ.

ಹಾಗಾದರೆ ಹಿರಿಯರಿಗೆ ದೊಡ್ಡ ಅಪಾಯ ಯಾವುದು? ಮಾತ್ರೆ ಸರಿಯಾಗಿ ನಡೀತಿದ್ದರೆ ವೈರಸ್ ಹತೋಟಿಯಲ್ಲಿರುತ್ತೆ. ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೂ ಹರಡೋದಿಲ್ಲ. ಒಂದೇ ತಟ್ಟೆ, ಒಂದೇ ಬಾತ್‌ರೂಮ್, ಮೊಮ್ಮಗುವನ್ನ ಮುದ್ದಾಡೋದು, ಇದರಿಂದಂತೂ ಯಾವತ್ತೂ ಹರಡಲ್ಲ. ಅಪಾಯ ಇರೋದು ಮುಚ್ಚಿಡೋದರಲ್ಲಿ.

ಒಂದು ಉದಾಹರಣೆ ಊಹಿಸಿಕೊಳ್ಳಿ. ಊರಲ್ಲಿ ತಂದೆಯೊಬ್ಬರು ಹತ್ತು ವರ್ಷದಿಂದ ಜಿಲ್ಲಾ ಆಸ್ಪತ್ರೆಗೆ ಹೋಗಿ ಮಾತ್ರೆ ತರ್ತಿದ್ದಾರೆ. ಮಗನಿಗೆ ಗೊತ್ತಿಲ್ಲ. ತಾಯಿ ತೀರಿಕೊಂಡ ಮೇಲೆ ಮಗ ಠಾಣೆಗೆ ಕರ್ಕೊಂಡು ಬರ್ತಾನೆ. ಇಲ್ಲಿ ಮರಾಠಿ ಬರಲ್ಲ, ಲೋಕಲ್ ಟ್ರೇನ್ ಹತ್ತೋಕೆ ಭಯ, ಸೊಸೆ ಮುಂದೆ ಡಬ್ಬಿ ತೆಗೆಯೋಕೆ ನಾಚಿಕೆ. ತಂದ ಮಾತ್ರೆ ಮುಗಿಯುತ್ತೆ, ಯಾರಿಗೂ ಹೇಳಲ್ಲ. ಮಾತ್ರೆ ನಿಂತರೆ ವೈರಸ್ ಮತ್ತೆ ತಲೆ ಎತ್ತುತ್ತೆ.

ಇದಕ್ಕೆ ಪರಿಹಾರ ಇದೆ. ಊರಿನ ಎಆರ್‌ಟಿ ಕೇಂದ್ರದಿಂದ ಇಲ್ಲಿನ ಕೇಂದ್ರಕ್ಕೆ ಟ್ರಾನ್ಸ್‌ಫರ್ ಮಾಡಿಸ್ಕೋಬಹುದು. ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲೂ ಕೇಂದ್ರಗಳಿವೆ, ಮಾತ್ರೆ ಉಚಿತ. ನಗರದ ಕಾರ್ಯಕ್ರಮ ನೋಡ್ಕೊಳ್ಳೋ ಮುಂಬಯಿ ಜಿಲ್ಲಾ ಏಡ್ಸ್ ನಿಯಂತ್ರಣ ಸೊಸೈಟಿ ವಡಾಳಾದಲ್ಲಿದೆ. ಎಲ್ಲಿ ಹೋಗಬೇಕು ಅಂತ ತಿಳಿಯದಿದ್ದರೆ ರಾಷ್ಟ್ರೀಯ ಸಹಾಯವಾಣಿ 1097, ಕರೆ ಉಚಿತ.

ಮುಚ್ಚಿಡೋದರಿಂದ ಇನ್ನೊಂದು ತೊಂದರೆ ಇದೆ. ಈಗ ಹೆಚ್ಚಾಗಿ ಕೊಡೋ ಎಆರ್‌ಟಿ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಇರುತ್ತೆ. ಅದು ಶುಗರ್‌ಗೆ ಕೊಡೋ ಮೆಟ್‌ಫಾರ್ಮಿನ್‌ನ ಪ್ರಮಾಣವನ್ನ ರಕ್ತದಲ್ಲಿ ಏರಿಸುತ್ತೆ, ಡೋಸ್ ಮಿತಿಯಲ್ಲಿಡಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಕೆಲವು ಆಸಿಡಿಟಿ ಔಷಧಿ ಜೊತೆಗೆ ಬಿದ್ದರೆ ಅದರ ಶಕ್ತಿಯೇ ಕುಗ್ಗಬಹುದು. ಜೊತೆಗಿರೋ ಟೆನೊಫೊವಿರ್‌ಗೆ ಮೂತ್ರಪಿಂಡ, ಮೂಳೆ ಎರಡನ್ನೂ ಗಮನಿಸ್ತಿರಬೇಕು. ಶುಗರ್ ಡಾಕ್ಟರ್‌ಗೆ ಎಆರ್‌ಟಿ ವಿಷಯ ಗೊತ್ತಿಲ್ಲದಿದ್ದರೆ ಇದನ್ನೆಲ್ಲ ಯಾರು ನೋಡ್ತಾರೆ? ಹಾಗಂತ ನೀವೇ ಯಾವ ಮಾತ್ರೆನೂ ನಿಲ್ಲಿಸಬೇಡಿ. ಎರಡೂ ಚೀಟಿ ಒಬ್ಬ ಡಾಕ್ಟರ್ ಮುಂದೆ ಇಡೋ ಹಾಗೆ ಮಾಡಿ.

ಕಾನೂನು ಯಾರ ಕಡೆಗಿದೆ ಅನ್ನೋದೂ ಗೊತ್ತಿರಲಿ. 1997ರಲ್ಲೇ ಬಾಂಬೆ ಹೈಕೋರ್ಟ್, ಕೆಲಸ ಮಾಡೋ ಶಕ್ತಿ ಇರೋ ಕಾರ್ಮಿಕನಿಗೆ ಎಚ್‌ಐವಿ ಇದೆ ಅನ್ನೋ ಒಂದೇ ಕಾರಣಕ್ಕೆ ಕೆಲಸ ನಿರಾಕರಿಸೋದು ತಪ್ಪು ಅಂತ ತೀರ್ಪು ಕೊಟ್ಟಿತು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಚಿಕಿತ್ಸೆ, ಕೆಲಸ, ಬಾಡಿಗೆ ಮನೆ ಯಾವುದರಲ್ಲೂ ತಾರತಮ್ಯ ಮಾಡುವಂತಿಲ್ಲ. ಅವರ ವಿಷಯ ಇನ್ನೊಬ್ಬರಿಗೆ ಹೇಳೋ ಹಕ್ಕು ನಮಗಿಲ್ಲ, ಮಕ್ಕಳಾದ ನಮಗೂ ಇಲ್ಲ.

ಹಾಗಾಗಿ ಬ್ಯಾಗ್ ತಡಕಾಡಬೇಡಿ, ಅಡ್ಡಪ್ರಶ್ನೆ ಹಾಕಬೇಡಿ. ಅವರು ಬಂದ ವಾರದಲ್ಲೇ, ಇಬ್ಬರೇ ಇದ್ದಾಗ, ಇಷ್ಟು ಹೇಳಿ: "ಅಪ್ಪಾ, ಊರಲ್ಲಿ ಯಾವ ಮಾತ್ರೆ ತಗೋತಿದ್ರಿ, ಅದು ಇಲ್ಲೂ ನಿಲ್ಲಬಾರದು. ಯಾವ ಆಸ್ಪತ್ರೆಗಾದ್ರೂ ಕರ್ಕೊಂಡು ಹೋಗ್ತೀನಿ. ಒಳಗೆ ನೀವೊಬ್ಬರೇ ಹೋಗಬೇಕು ಅಂದ್ರೆ ಹೊರಗೆ ಕೂತಿರ್ತೀನಿ." ಹೇಳೋದು ಬಿಡೋದು ಅವರಿಗೆ ಬಿಟ್ಟಿದ್ದು. ಕಾರಣ ಗೊತ್ತಾಗದ ಸುಸ್ತು, ಜ್ವರ ಇದ್ದರೆ ಎಚ್‌ಐವಿ ಪರೀಕ್ಷೆಯೂ ಬೇಕಾ ಅಂತ ಡಾಕ್ಟರ್ ಹತ್ತಿರ ಕೇಳೋಕೆ ಅವರಿಗೆ ಹೇಳಿ. ಸರ್ಕಾರಿ ಐಸಿಟಿಸಿಗಳಲ್ಲಿ ಪರೀಕ್ಷೆ, ಕೌನ್ಸೆಲಿಂಗ್ ಎರಡೂ ಉಚಿತ, ಗುಟ್ಟಾಗಿ ಇಡ್ತಾರೆ.

ಈ ಮಾತು ನಿಮ್ಮ ಫ್ಯಾಮಿಲಿ ಗ್ರೂಪಿಗೆ ಕಳಿಸೋಕೆ ಮುಜುಗರ ಆದರೆ ಪರವಾಗಿಲ್ಲ, 1097 ಒಂದನ್ನ ನೆನಪಿಟ್ಕೊಳ್ಳಿ.