ಹಿಡಿಕೆಯ ಮೇಲೊಂದು ಕಣ್ಣು

ಕಲಬುರಗಿ ಕೋಟೆಯ ಬಾರಾ ಗಜ್ ತೋಪನ್ನು ನೋಡಲು ಹೋದವರು ಮೊದಲು ಕೇಳುವುದು ಅದರ ಉದ್ದ. ಅಳೆದವರು 29 ಅಡಿ ಎಂದಿದ್ದಾರೆ. ಜಗತ್ತಿನಲ್ಲೇ ಇಷ್ಟುದ್ದದ್ದು ಮತ್ತೊಂದಿಲ್ಲ ಎಂಬ ಮಾತೂ ಊರಲ್ಲಿದೆ. ವಿಜಯಪುರದ ಉಪ್ಲಿ ಬುರುಜಿನ ಮೇಲಿರುವ ನೀಳ ತೋಪೂ 30 ಅಡಿಯ ಆಸುಪಾಸಿನದೇ. ಹಾಗಾಗಿ ಆ ಪೈಪೋಟಿಯನ್ನು ಎರಡೂ ಊರಿನವರಿಗೆ ಬಿಡುತ್ತೇನೆ. ನನ್ನ ಕುತೂಹಲ ಬೇರೆ: ಇಂಥ ಕೊಳವೆಯಿಂದ ಗುರಿ ಹಿಡಿಯುವವನು ಕಣ್ಣನ್ನು ಎಲ್ಲಿಡುತ್ತಿದ್ದ?

ಮದ್ದುಗುಂಡು ತುಂಬಿದ ಕೊಳವೆಯೊಳಗೆ ಇಣುಕುವಂತಿಲ್ಲ. ಲೋಹದ ಬೆನ್ನಿನಗುಂಟ ನೋಡಬೇಕು. ಆದರೆ ತೋಪುಗಳು ಸಾಮಾನ್ಯವಾಗಿ ಮದ್ದು ಸಿಡಿಯುವ ಬುಡದಲ್ಲಿ ದಪ್ಪ, ಬಾಯಿಯ ಕಡೆ ಸಣ್ಣ. ಬೆನ್ನಿನ ಗೆರೆ ಗುರಿಗೆ ಸರಿಯಾಗಿ ನಿಂತಾಗ ಒಳಗಿನ ಕೊಳವೆ ಅದಕ್ಕಿಂತ ತುಸು ಮೇಲಕ್ಕೆ ಮುಖ ಮಾಡಿರುತ್ತದೆ. ಯುರೋಪಿನ ತೋಪುಗಾರರು ಇದಕ್ಕೆ ಕಂಡುಕೊಂಡ ಉಪಾಯ ಸರಳ: ಬುಡಕ್ಕೂ ಬಾಯಿಗೂ ಇರುವ ದಪ್ಪದ ವ್ಯತ್ಯಾಸದಲ್ಲಿ ಅರ್ಧದಷ್ಟು ಎತ್ತರದ ಮೊಳೆಯೊಂದನ್ನು ಬಾಯಿಯ ಮೇಲೆ ನಿಲ್ಲಿಸುವುದು. ಆಗ ನೋಟದ ಗೆರೆ, ಗುಂಡಿನ ಗೆರೆ ಎರಡೂ ಸಮಾನಾಂತರವಾಗುತ್ತವೆ. ತೋಪನ್ನು ಎಷ್ಟು ಎತ್ತಬೇಕೆಂದು ಅಳೆಯುವ ಕೋನಮಾಪಕವನ್ನು ಇಟಲಿಯ ಗಣಿತಜ್ಞ ತಾರ್ತಾಲಿಯಾ 1537ರಲ್ಲೇ ಪುಸ್ತಕದಲ್ಲಿ ವಿವರಿಸಿದ್ದ.

ಎರಡು ಗೆರೆಗಳ ಈ ತಂಟೆ ತೋಪಿನ ಕಾಲಕ್ಕೆ ಮುಗಿಯಲಿಲ್ಲ. ಹಿಡಿಕೆಯಿರುವ ರೈಫಲ್‌ನಲ್ಲಿ ಅದು ಇನ್ನಷ್ಟು ಸ್ವಾರಸ್ಯಕರವಾಗುತ್ತದೆ.

ನಮ್ಮ ಪೊಲೀಸರ ಕೈಯಲ್ಲಿ ದಶಕಗಟ್ಟಲೆ ಇದ್ದ ಎಸ್‌ಎಲ್‌ಆರ್ ರೈಫಲ್‌ಗೂ ಒಂದು ಹಿಡಿಕೆಯಿದೆ. ಅದು ಬರೀ ಎತ್ತಿಕೊಂಡು ಹೋಗಲಿಕ್ಕೆ. ಬೇಡವೆಂದಾಗ ಮಗ್ಗುಲಿಗೆ ಮಡಚಿಕೊಳ್ಳುತ್ತದೆ. ಅಮೆರಿಕದ ಎಂ-16ರ ಹಿಡಿಕೆಯ ಕಥೆ ಬೇರೆ. 1950ರ ದಶಕದಲ್ಲಿ ಯೂಜಿನ್ ಸ್ಟೋನರ್ ಈ ವಂಶದ ರೈಫಲ್‌ಗಳನ್ನು ರೂಪಿಸುವಾಗ ಹಿಂಬದಿಯ ದಿಂಡನ್ನು ನಳಿಗೆಯ ನೇರಕ್ಕೇ ಇಟ್ಟ. ಹಾಗೆ ಮಾಡಿದರೆ ಗುಂಡಿನ ಒದೆತ ನೇರ ಹೆಗಲಿಗೆ ಬರುತ್ತದೆ, ಮೂತಿ ಮೇಲಕ್ಕೆ ಎಗರುವುದು ಕಡಿಮೆ. ಆದರೆ ದಿಂಡಿಗೆ ಕೆನ್ನೆಯೊತ್ತಿದವನ ಕಣ್ಣು ನಳಿಗೆಗಿಂತ ಬಹಳ ಮೇಲಿರುತ್ತದೆ. ಗುರಿನೋಟದ ಕಿಂಡಿಯನ್ನೂ ಅಷ್ಟೆತ್ತರಕ್ಕೆ ಏರಿಸಲೇಬೇಕಾಯಿತು. ಅದನ್ನು ಹೊತ್ತು ನಿಂತಿದ್ದೇ ಹಿಡಿಕೆ. ಕಿಂಡಿ ನಳಿಗೆಯ ನಡುಗೆರೆಗಿಂತ ಸುಮಾರು ಆರೂವರೆ ಸೆಂಟಿಮೀಟರ್ ಮೇಲಿದೆ.

ಹಿಡಿಕೆಯಿರುವ ಈ ಹಳೆಯ ರೂಪದ ರೈಫಲ್‌ಗಳನ್ನು ಹೊಸದಾಗಿ ಮಾಡಿಸಿಕೊಳ್ಳುವ ಶೋಕಿ ಈಗ ಅಮೆರಿಕದಲ್ಲಿದೆ. ಕಲಬುರಗಿಯಲ್ಲಿ ಆ ಮಾತೇ ಏಳದು, 5.56 ಎಂಎಂ ನಮ್ಮಲ್ಲಿ ಸಾಮಾನ್ಯರ ಲೈಸೆನ್ಸಿಗೆ ಸಿಗದ ನಿಷೇಧಿತ ಬೋರ್. ಬೆಳಕಿನ ನಿಯಮಗಳಿಗೆ ಮಾತ್ರ ಲೈಸೆನ್ಸ್ ಬೇಡ. ಆ ಹಿಡಿಕೆಯ ಮೇಲೆ ಯಾವ ದೂರದರ್ಶಕ ಕೂರಿಸಿದರೆ ಒಳ್ಳೆಯದು ಎಂಬ ಪ್ರಶ್ನೆ ನಮಗೂ ಪಾಠವೇ.

ಹಿಡಿಕೆಯ ಬೆನ್ನಿನ ಮೇಲೆ ದೂರದರ್ಶಕ ಕೂತರೆ ನೋಟದ ಗೆರೆ ನಳಿಗೆಯಿಂದ ಸುಮಾರು 10 ಸೆಂಟಿಮೀಟರ್ ಮೇಲಕ್ಕೇರುತ್ತದೆ. 100 ಮೀಟರಿಗೆ ಹೊಂದಿಸಿದ ಇಂಥ ರೈಫಲ್ 10 ಮೀಟರ್ ದೂರದ ಗುರಿಯಲ್ಲಿ ಸುಮಾರು ಎಂಟೂವರೆ ಸೆಂಟಿಮೀಟರ್ ಕೆಳಗೆ ಬಡಿಯುತ್ತದೆ. ಕೆಟ್ಟಿದ್ದು ಏನೂ ಇಲ್ಲ. ಎರಡು ಗೆರೆಗಳು ಇನ್ನೂ ಕೂಡಿಲ್ಲ, ಅಷ್ಟೇ. ಇನ್ನೊಂದು ಕಷ್ಟ ಮೈಯದು. ಅಷ್ಟೆತ್ತರಕ್ಕೆ ಕಣ್ಣೇರಿಸಿದರೆ ದಿಂಡಿನ ಮೇಲೆ ಕೆನ್ನೆ ನಿಲ್ಲುವುದಿಲ್ಲ, ಗದ್ದ ನಿಲ್ಲುತ್ತದೆ. ತಲೆ ಪ್ರತಿ ಸಲ ಒಂದೇ ಜಾಗಕ್ಕೆ ಬರುವುದಿಲ್ಲ.

ಇನ್ನು ಹಿಗ್ಗಿಸುವ ಶಕ್ತಿ. ಕೊಳ್ಳುವವರೆಲ್ಲ ಮೊದಲು ಮರುಳಾಗುವುದು ಇದಕ್ಕೇ. ಹುಮನಾಬಾದ್ ರಸ್ತೆಯ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಆ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಸುಮಾರು 4 ಸೆಂಟಿಮೀಟರ್ ದಪ್ಪದ ಅಂಥದೊಂದು ಹಣ್ಣನ್ನು 100 ಮೀಟರ್ ಆಚೆ ತೂಗುಹಾಕಿದರೆ ನಮ್ಮ ಕಣ್ಣಿಗೆ ಅದರ ದಪ್ಪ ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲ ಮಿತಿಯೂ ಹೆಚ್ಚುಕಡಿಮೆ ಅಷ್ಟೇ. ಕೆಂಪಗೆ ಏನೋ ಇದೆ ಎಂದು ಗೊತ್ತಾಗುತ್ತದೆ, ಬಾಳೆಹಣ್ಣೆಂದು ಗೊತ್ತಾಗುವುದು ಕಷ್ಟ. 3 ಪಟ್ಟು ಹಿಗ್ಗಿಸಿದರೆ ಆಕಾರ ಸಿಗುತ್ತದೆ.

ಹಾಗಾದರೆ 9 ಪಟ್ಟು ಇನ್ನೂ ಚೆನ್ನಲ್ಲವೇ? ಕಲಬುರಗಿಯ ಬ್ಯಾಸಗಿಯಲ್ಲಿ ಅಲ್ಲ. ಮೇ ತಿಂಗಳಲ್ಲಿ ಇಲ್ಲಿನ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸ ಸುದ್ದಿಯೇನಲ್ಲ. ಬಿಸಿಲು ಹೀರಿದ ಕಪ್ಪು ಎರೆನೆಲ ಅದಕ್ಕಿಂತ ಎಷ್ಟೋ ಬಿಸಿ. ನೆಲಕ್ಕೆ ತಾಗಿದ ಗಾಳಿ ಕಾದು ತೆಳುವಾಗಿ ಮೇಲೇಳುತ್ತದೆ, ತಂಪು ಗಾಳಿ ಕೆಳಗಿಳಿಯುತ್ತದೆ. ತೆಳು ಗಾಳಿಯಲ್ಲಿ ಬೆಳಕಿನ ವೇಗ ಕೂದಲೆಳೆಯಷ್ಟು ಹೆಚ್ಚು. ಹಾಗಾಗಿ ಕಿರಣ ದಾರಿಯುದ್ದಕ್ಕೂ ಅಲ್ಲಲ್ಲಿ ಬಾಗುತ್ತ ಬರುತ್ತದೆ. ಬಿಸಿಲ್ಗುದುರೆ ಹುಟ್ಟುವುದೂ ಹೀಗೆಯೇ. ಗುರಿ ಕುಣಿಯುತ್ತದೆ, ಕೆಲವೊಮ್ಮೆ ಇದ್ದ ಜಾಗಕ್ಕಿಂತ ಪಕ್ಕಕ್ಕೋ ಮೇಲಕ್ಕೋ ಸರಿದಂತೆ ಕಾಣುತ್ತದೆ. ಮಸೂರಕ್ಕೆ ಗುರಿ ಯಾವುದು, ಗಾಳಿಯ ಚೇಷ್ಟೆ ಯಾವುದು ಎಂದು ಗೊತ್ತಿಲ್ಲ. ಅದು ಎರಡನ್ನೂ 9 ಪಟ್ಟು ಹಿಗ್ಗಿಸಿ ಕೊಡುತ್ತದೆ. ಉಸಿರಾಟದ, ಎದೆಬಡಿತದ ನಡುಕವನ್ನೂ. ದುಡ್ಡು ಕೊಟ್ಟು ತಂದ ದೊಡ್ಡ ಶಕ್ತಿ ಮಧ್ಯಾಹ್ನದ ಹೊತ್ತು ನಿರುಪಯೋಗಿ.

ಬೆಳಕಿನ ಲೆಕ್ಕವೂ ಚಿಕ್ಕ ಶಕ್ತಿಯ ಪರವಾಗಿಯೇ ಇದೆ. ಹಿಡಿಕೆಗೆಂದೇ ಕೋಲ್ಟ್ ಕಂಪನಿ ಮಾರುತ್ತಿದ್ದ ಪುಟ್ಟ ದೂರದರ್ಶಕ 3 ಪಟ್ಟಿನದು, ಮುಂದಿನ ಮಸೂರ 20 ಮಿಲಿಮೀಟರ್. 20ನ್ನು 3ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ: ಸುಮಾರು 6.7 ಮಿಲಿಮೀಟರ್. ಬಿಸಿಲಲ್ಲಿ ನಮ್ಮ ಕಣ್ಣಿನ ಪಾಪೆ 2–3 ಮಿಲಿಮೀಟರಿಗೆ ಕುಗ್ಗಿರುತ್ತದೆ. ಇಷ್ಟಗಲದ ಕಂಬದಲ್ಲಿ ಕಣ್ಣು ತುಸು ಆಚೀಚೆ ಆದರೂ ನೋಟ ಕಪ್ಪಾಗುವುದಿಲ್ಲ. ಗದ್ದದ ಮೇಲೆ ತಲೆ ನಿಲ್ಲಿಸಬೇಕಾದವನಿಗೆ ಈ ರಿಯಾಯಿತಿ ದೊಡ್ಡದು. ಅದೇ ಮಸೂರಕ್ಕೆ 9 ಪಟ್ಟಾಗಿದ್ದರೆ ಕಂಬ ಬರೀ 2.2 ಮಿಲಿಮೀಟರ್.

ಮೂರನೆಯ ದಾರಿ ಕೆಂಪು ಚುಕ್ಕೆಯ ಗುರಿನೋಟದ್ದು. ಇದರ ಮೂಲ ಹುಡುಕಿದರೆ ನಮ್ಮ ಹಳೆಯ ನಿಜಾಂ ಸೀಮೆಗೇ ಒಂದು ನಂಟು ಸಿಗುತ್ತದೆ. ಡಬ್ಲಿನ್‌ನ ದೂರದರ್ಶಕ ತಯಾರಕ ಹೋವರ್ಡ್ ಗ್ರಬ್ 1900ರಲ್ಲಿ ಪ್ರತಿಫಲನದ ಗುರಿನೋಟಕ್ಕೆ ಪೇಟೆಂಟ್ ಪಡೆದ. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ 15 ಇಂಚಿನ ದೂರದರ್ಶಕ ಗ್ರಬ್ ಕಾರ್ಖಾನೆಯದೇ; ಆ ಕಾಲಕ್ಕೆ ಕಲಬುರಗಿಯೂ ಹೈದರಾಬಾದ್ ಸಂಸ್ಥಾನದಲ್ಲೇ ಇತ್ತು. ಗ್ರಬ್‌ನ ತತ್ವ ಇಷ್ಟು: ಬಾಗಿದ, ಅರೆಪಾರದರ್ಶಕ ಕನ್ನಡಿಯ ನಾಭಿಯಲ್ಲಿ ದೀಪವಿಟ್ಟರೆ ಅದರ ಕಿರಣಗಳು ಸಮಾನಾಂತರವಾಗಿ ಹೊರಡುತ್ತವೆ. ಕಣ್ಣಿಗೆ ಆ ಚುಕ್ಕೆ ಅನಂತ ದೂರದಲ್ಲಿ, ಗುರಿಯ ಮೇಲೆಯೇ ಅಂಟಿಕೊಂಡಂತೆ ಕಾಣುತ್ತದೆ. ತಲೆ ಅಲುಗಿದರೂ ಚುಕ್ಕೆ ಗುರಿ ಬಿಟ್ಟು ಹೆಚ್ಚು ಸರಿಯುವುದಿಲ್ಲ. ಎತ್ತರದ ಹಿಡಿಕೆಗೆ ಇದಕ್ಕಿಂತ ಒಪ್ಪುವ ಗುಣ ಬೇರೆ ಯಾವುದಿದೆ? ಬ್ಯಾಟರಿಯಿಂದ ನಡೆಯುವ ಚುಕ್ಕೆಯನ್ನು ಸ್ವೀಡನ್ನಿನ ಏಮ್‌ಪಾಯಿಂಟ್ 1975ರಲ್ಲಿ ಮಾರುಕಟ್ಟೆಗೆ ತಂದಿತು. ಆದ್ದರಿಂದ ರೂಪದಲ್ಲೂ ಹಳಮೆ ಬೇಕೆನ್ನುವವರಿಗೆ ಹಳೆಯ ಕೊಳವೆಯಾಕಾರದ ಚುಕ್ಕೆ-ಗುರಿನೋಟವೂ ಸಲ್ಲುತ್ತದೆ.

ನನ್ನ ಆಯ್ಕೆ ಕೇಳಿದರೆ ವಯಸ್ಸನ್ನು ಕೇಳುತ್ತೇನೆ. ಇಪ್ಪತ್ತರ ಎನ್‌ಸಿಸಿ ಕೆಡೆಟ್‌ಗೆ ಹಿಡಿಕೆಯೊಳಗಿನ ಕಿಂಡಿಯೇ ಸಾಕು. ಸಣ್ಣ ತೂತು ಕಿರಣಗಳನ್ನು ಕಿರಿದಾಗಿಸಿ ಮುಂದಿನ ಮೊನೆಯನ್ನೂ ದೂರದ ಗುರಿಯನ್ನೂ ಒಟ್ಟಿಗೆ ತಕ್ಕಮಟ್ಟಿಗೆ ಚೂಪಾಗಿಸುತ್ತದೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹಿಗ್ಗಿಸುವ ಮಸೂರಕ್ಕೆ ಅವಕಾಶವೇ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಅರ್ಧ ಮಿಲಿಮೀಟರಿನ ನಡುಚುಕ್ಕೆಗೆ ಇಂಥ ಕಿಂಡಿಯಿಂದಲೇ ಗುರಿಯಿಟ್ಟು. ನಲವತ್ತು ದಾಟಿ ಕಣ್ಣಿನ ಮಸೂರ ಬಿಗಿದುಕೊಂಡವರಿಗೆ ಮೊನೆ ಮಸುಕಾಗುತ್ತದೆ. ಅವರಿಗೆ ಚುಕ್ಕೆ ಮೇಲು, ಏಕೆಂದರೆ ಚುಕ್ಕೆಯೂ ಗುರಿಯೂ ದೂರದಲ್ಲೇ ಇವೆ.

ಚುಕ್ಕೆ ದುಂಡಗೆ ಕಾಣದೆ ಬಾಲ ಬಿಟ್ಟ ನಕ್ಷತ್ರದಂತೆ ಕಂಡರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗುವ ಮುನ್ನ ಮೊಬೈಲ್ ಕ್ಯಾಮೆರಾವನ್ನು ಹಿಂದೆ ಹಿಡಿದು ನೋಡಬೇಕು. ಅದರಲ್ಲಿ ಚುಕ್ಕೆ ದುಂಡಗಿದ್ದರೆ ದೋಷ ಯಂತ್ರದ್ದಲ್ಲ, ಸಮವಾಗಿ ಬಾಗದ ಕಾರ್ನಿಯಾದ್ದು. ಕನ್ನಡಕದ ನಂಬರು ಬದಲಿಸಿಕೊಳ್ಳುವುದು ಹೊಸ ದೂರದರ್ಶಕಕ್ಕಿಂತ ಅಗ್ಗ.